ಮೇನ್ ಮೆಥಡ್: ಆಬ್ಜೆಕ್ಟ್ ಹುಟ್ಟುವುದಕ್ಕೂ ಮೊದಲು

ಯಾವ ಪ್ರೋಗ್ರಾಮೇ ಆಗಲಿ, ಓಡಲು ಶುರುಮಾಡುವ ಜಾಗ ಒಂದಿರಲೇಬೇಕು. ಬೇಸಿಕ್‌ನಂಥ ಹಳೆಯ ಭಾಷೆಗಳಲ್ಲಿ ಅದು ಮೊದಲ ಸಾಲೇ. ಮೇಲಿನಿಂದ ಕೆಳಕ್ಕೆ ನಡೆಸುತ್ತ ಹೋದರಾಯಿತು. ಆಬ್ಜೆಕ್ಟ್ ಓರಿಯೆಂಟೆಡ್ ಭಾಷೆಗಳಲ್ಲಿ ಹಾಗಿಲ್ಲ. ಅಲ್ಲಿ ಪ್ರೋಗ್ರಾಮೆಂದರೆ ಕ್ಲಾಸುಗಳ ಗುಂಪು. ಕ್ಲಾಸಿನಲ್ಲಿರುವ ವಿವರದ ಪ್ರಕಾರ ಆಬ್ಜೆಕ್ಟ್ ತಯಾರಾಗಬೇಕು, ಆ ಆಬ್ಜೆಕ್ಟಿನ ಮೆಥಡನ್ನು ಯಾರಾದರೂ ಕರೆಯಬೇಕು. ಕೆಲಸ ನಡೆಯುವುದು ಆಮೇಲೆ. ಕರೆಯುವುದು ಇನ್ನೊಂದು ಆಬ್ಜೆಕ್ಟು, ಅದನ್ನು ಮಾಡಿದ್ದು ಮತ್ತೊಂದು. ಹೀಗೆ ಹಿಂದಕ್ಕೆ ಹಿಂದಕ್ಕೆ ಹೋದರೆ ಮೊಟ್ಟಮೊದಲ ಕರೆ ಯಾರದು ಎಂಬ ಪ್ರಶ್ನೆ ಎದುರಾಗುತ್ತದೆ. ಜಾವಾ ಭಾಷೆ ಇದಕ್ಕೆ ಕೊಟ್ಟ ಉತ್ತರ ‘ಪಬ್ಲಿಕ್ ಸ್ಟ್ಯಾಟಿಕ್ ವಾಯ್ಡ್ ಮೇನ್’ ಎಂಬ, ನಾಲಿಗೆ ತೊಡರುವಷ್ಟು ಉದ್ದದ ಒಂದು ಸಾಲು.

ದಕ್ಷಿಣ ಕನ್ನಡದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸುತ್ತಮುತ್ತ ಈ ಸಾಲು ಈಗ ನಿತ್ಯದ ಸಂಗತಿ. ಬೆಂಜನಪದವಿನಲ್ಲಿ ಕೆನರಾ ಎಂಜಿನಿಯರಿಂಗ್ ಕಾಲೇಜು 2001ರಲ್ಲಿ ಬಂತು. ಉಜಿರೆಯ ಎಸ್‌ಡಿಎಂ ತಾಂತ್ರಿಕ ಕಾಲೇಜು ಮತ್ತು ಬಡಗ ಮಿಜಾರಿನ ‘ಮೈಟ್’ ಎಂಜಿನಿಯರಿಂಗ್ ಕಾಲೇಜು 2007ರಲ್ಲಿ, ಮಿಜಾರಿನ ಆಳ್ವಾಸ್ ಎಂಜಿನಿಯರಿಂಗ್ ಕಾಲೇಜು 2008ರಲ್ಲಿ ಶುರುವಾದವು. ತೋಡಾರಿನಲ್ಲಿ ಯೆನೆಪೊಯ ಕಾಲೇಜಿದೆ. ಕಂಪ್ಯೂಟರ್ ಸೈನ್ಸ್ ಓದಲು ಮಂಗಳೂರಿಗೋ ಸುರತ್ಕಲ್ಲಿಗೋ ಬಸ್ಸು ಹತ್ತಬೇಕಿದ್ದ ಊರುಗಳಲ್ಲೇ ಈಗ ಲ್ಯಾಬುಗಳಿವೆ. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ, ಅಂದರೆ ವಿಟಿಯುವಿನ, 2022ರ ಸ್ಕೀಮಿನಲ್ಲಿ ಮೂರನೇ ಸೆಮಿಸ್ಟರಿಗೆ ಜಾವಾ ಇದೆ. ಅದರ ಲ್ಯಾಬಿನ ಮೊದಲ ಪ್ರೋಗ್ರಾಮು ಎರಡು ಮ್ಯಾಟ್ರಿಕ್ಸ್‌ಗಳನ್ನು ಕೂಡಿಸುವುದು. ಕೂಡುವುದೇನೋ ಸುಲಭ. ಆದರೆ ಮ್ಯಾಟ್ರಿಕ್ಸಿನ ಗಾತ್ರವನ್ನು ಪ್ರೋಗ್ರಾಮು ಓಡುವಾಗ ಕೇಳುವಂತಿಲ್ಲ, ಕಮಾಂಡ್ ಲೈನಿನಿಂದಲೇ ತೆಗೆದುಕೊಳ್ಳಬೇಕು ಎಂಬ ಷರತ್ತಿದೆ. ಈ ಷರತ್ತು ಹಾಕಿದವರು ಬೇಕೆಂದೇ ಹಾಕಿದರೋ ಇಲ್ಲವೋ, ಮೇನ್ ಮೆಥಡ್ಡಿನ ಒಳಗುಟ್ಟನ್ನು ಹೇಳಿಕೊಡಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಗಲಾರದು.

ಈ ಲ್ಯಾಬಿಗೆ ಬರುವ ಹೊತ್ತಿಗೆ ‘ಮೇನ್’ ಎಂಬ ಹೆಸರು ಹೊಸದಾಗಿರುವುದಿಲ್ಲ. ಕರ್ನಾಟಕದ ಪಿಯುಸಿ ಗಣಕವಿಜ್ಞಾನದಲ್ಲಿ ಬಹುಕಾಲ ಸಿ++ ಇತ್ತು. ಈಚೆಗಷ್ಟೇ ಪೈಥಾನ್ ಆ ಜಾಗಕ್ಕೆ ಬಂದಿದೆ. ಟರ್ಬೊ ಸಿ++ನ ನೀಲಿ ಪರದೆಯಲ್ಲಿ ‘ವಾಯ್ಡ್ ಮೇನ್’ ಎಂದು ಹೊಡೆದು, ಮುಂದಿನ ಸಾಲಿನಲ್ಲಿ ‘ಕ್ಲಿಯರ್ ಸ್ಕ್ರೀನ್’, ಕೊನೆಗೆ ‘ಗೆಟ್‌ಚ್’ ಬರೆದ ಪೀಳಿಗೆಗಳೇ ಇಲ್ಲಿವೆ. ನಿಜ ಹೇಳಬೇಕೆಂದರೆ ಸಿ++ನ ಅಧಿಕೃತ ಮಾನದಂಡ ‘ವಾಯ್ಡ್ ಮೇನ್’ ಅನ್ನು ಒಪ್ಪಿಲ್ಲ. ಅಲ್ಲಿ ಮೇನ್ ಒಂದು ಪೂರ್ಣಾಂಕವನ್ನು ಆಪರೇಟಿಂಗ್ ಸಿಸ್ಟಮ್ಮಿಗೆ ಮರಳಿಸಬೇಕು, ಹಾಗಾಗಿ ‘ಇಂಟ್ ಮೇನ್’ ಎಂದೇ ಇರಬೇಕು. ಟರ್ಬೊ ಹಳೆಯ ಕಾಲದ್ದು, ಕಂಡೂ ಕಾಣದಂತೆ ಬಿಟ್ಟುಬಿಡುತ್ತಿತ್ತು. ಆ ಮೇನ್‌ಗೆ ಇನ್ನೊಂದು ಗುಣವಿದೆ: ಅದು ಯಾವ ಕ್ಲಾಸಿಗೂ ಸೇರಿದ್ದಲ್ಲ. ಸಿ ಭಾಷೆಯಿಂದ ಬಂದ ಆ ಫಂಕ್ಷನ್ನನ್ನು ಸಿ++ ಕ್ಲಾಸುಗಳ ಹೊರಗೆ ಇದ್ದ ಹಾಗೆಯೇ ಉಳಿಸಿಕೊಂಡಿತು.

1995ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್‌ನ ಜೇಮ್ಸ್ ಗಾಸ್ಲಿಂಗ್ ಮತ್ತು ಸಂಗಡಿಗರು ಜಾವಾವನ್ನು ಹೊರತಂದಾಗ ಈ ರಾಜಿಗೆ ಒಪ್ಪಲಿಲ್ಲ. ಜಾವಾದಲ್ಲಿ ಕ್ಲಾಸಿನ ಹೊರಗೆ ಯಾವ ಫಂಕ್ಷನ್ನನ್ನೂ ಬರೆಯುವಂತಿಲ್ಲ ಎಂದು ಗೆರೆ ಎಳೆದರು. ಹಾಗಾದರೆ ಮೇನ್ ಕೂಡ ಯಾವುದಾದರೊಂದು ಕ್ಲಾಸಿನ ಒಳಗೇ ಇರಬೇಕು. ಒಳಗಿರುವ ಸಾಮಾನ್ಯ ಮೆಥಡನ್ನು ಕರೆಯಲು ಆಬ್ಜೆಕ್ಟ್ ಬೇಕು. ಪ್ರೋಗ್ರಾಮು ಇನ್ನೂ ಶುರುವಾಗಿಲ್ಲ, ಆಬ್ಜೆಕ್ಟ್ ಎಲ್ಲಿಂದ ಬರಬೇಕು? ಈ ಗಂಟನ್ನು ಬಿಡಿಸಲು ಬಂದದ್ದು ‘ಸ್ಟ್ಯಾಟಿಕ್’.

ಸ್ಟ್ಯಾಟಿಕ್ ಎಂದರೆ ಆ ಮೆಥಡ್ಡು ಆಬ್ಜೆಕ್ಟಿಗಲ್ಲ, ಕ್ಲಾಸಿಗೆ ಸೇರಿದ್ದು ಎಂದರ್ಥ. ಕ್ಲಾಸು ಮೆಮೊರಿಗೆ ಬಂದರೆ ಸಾಕು, ಒಂದು ಆಬ್ಜೆಕ್ಟೂ ಇಲ್ಲದೆ ಅದನ್ನು ಕರೆಯಬಹುದು. ಧರ್ಮಸ್ಥಳ ಮೇಳದ ಯಕ್ಷಗಾನ ಆಟವಿರಲಿ, ಕಟೀಲಿನದಿರಲಿ, ಪ್ರಸಂಗದ ಒಂದು ವೇಷವೂ ರಂಗಕ್ಕೆ ಬಾರದ ಹೊತ್ತಿಗೇ ಭಾಗವತರು ಜಾಗಟೆ ಹಿಡಿದು ಕುಳಿತಿರುತ್ತಾರೆ. ಅವರು ಕಥೆಯ ಪಾತ್ರವಲ್ಲ, ಆದರೆ ಅವರ ಪದವಿಲ್ಲದೆ ಯಾವ ಪಾತ್ರಕ್ಕೂ ಪ್ರವೇಶವಿಲ್ಲ. ಸ್ಟ್ಯಾಟಿಕ್ ಮೇನ್ ಇರುವುದು ಆ ಸ್ಥಾನದಲ್ಲಿ. ಮೇನ್ ಇರುವ ಕ್ಲಾಸನ್ನು ‘ಅಬ್‌ಸ್ಟ್ರಾಕ್ಟ್’ ಎಂದು ಘೋಷಿಸಿದರೂ ಪ್ರೋಗ್ರಾಮು ನಿರಾಯಾಸವಾಗಿ ಓಡುತ್ತದೆ. ಅಬ್‌ಸ್ಟ್ರಾಕ್ಟ್ ಕ್ಲಾಸಿನ ಆಬ್ಜೆಕ್ಟ್ ಮಾಡಲು ಬರುವುದೇ ಇಲ್ಲವಾದ್ದರಿಂದ, ಮೇನ್ ಓಡಲು ಆಬ್ಜೆಕ್ಟಿನ ಹಂಗಿಲ್ಲ ಎನ್ನುವುದಕ್ಕೆ ಬೇರೆ ಪುರಾವೆ ಬೇಡ. ಜಾವಾ 8ರಿಂದ ಈಚೆಗೆ ಇಂಟರ್‌ಫೇಸಿನ ಒಳಗೂ ಮೇನ್ ಬರೆದು ಓಡಿಸಬಹುದು.

ಉಳಿದ ಪದಗಳ ಕಥೆ ಚಿಕ್ಕದು. ‘ಪಬ್ಲಿಕ್’ ಏಕೆಂದರೆ ಕರೆಯುವವನು ಹೊರಗಿನವನು. ‘ವಾಯ್ಡ್’ ಏಕೆಂದರೆ ಈ ಮೆಥಡ್ಡು ಏನನ್ನೂ ಮರಳಿಸುವುದಿಲ್ಲ. ಸಿ++ನ ಹಾಗೆ ಅಂಕಿ ಹೇಳಿ ಮುಗಿಸಬೇಕಿದ್ದರೆ ‘ಸಿಸ್ಟಮ್ ಎಕ್ಸಿಟ್’ ಎಂಬ ಬೇರೆ ದಾರಿಯಿದೆ. ‘ಮೇನ್’ ಎಂಬುದು ಬರೀ ಒಪ್ಪಂದದ ಹೆಸರು, ಭಾಷೆಯ ಕಾಯ್ದಿರಿಸಿದ ಪದವಲ್ಲ. ಅದೇ ಹೆಸರಿನ ವೇರಿಯಬಲ್ ಇಟ್ಟುಕೊಂಡರೂ ಕಂಪೈಲರ್ ಚಕಾರ ಎತ್ತುವುದಿಲ್ಲ. ಜಾವಾ ಯುನಿಕೋಡನ್ನು ಒಪ್ಪುವ ಭಾಷೆಯಾದ್ದರಿಂದ ಕ್ಲಾಸಿಗೆ, ಮೆಥಡ್ಡಿಗೆ, ವೇರಿಯಬಲ್ಲಿಗೆ ಕನ್ನಡ ಅಕ್ಷರದಲ್ಲೇ ಹೆಸರಿಡಬಹುದು. ಮೇನ್ ಒಂದನ್ನು ಮಾತ್ರ ಇಂಗ್ಲಿಷಿನ ನಾಲ್ಕು ಸಣ್ಣಕ್ಷರಗಳಲ್ಲೇ ಬರೆಯಬೇಕು. ಮೊದಲಕ್ಷರ ದೊಡ್ಡದಾದರೆ ಅದು ಬೇರೆಯೇ ಮೆಥಡ್ಡು.

ಸ್ಟ್ಯಾಟಿಕ್ ಅರ್ಥವಾಗದಿದ್ದರೆ ಎಡವುವುದು ಲ್ಯಾಬಿನ ಎರಡನೇ ಪ್ರೋಗ್ರಾಮಿನಲ್ಲಿ. ಹತ್ತು ಪೂರ್ಣಾಂಕಗಳನ್ನು ಇಡಬಲ್ಲ ಸ್ಟ್ಯಾಕ್ ಕ್ಲಾಸ್ ಬರೆದು ಮೇನ್‌ನಿಂದ ಅದನ್ನು ಆಡಿಸಿ ತೋರಿಸಬೇಕು. ವಿದ್ಯಾರ್ಥಿ ‘ಪುಶ್’, ‘ಪಾಪ್’ ಮೆಥಡ್‌ಗಳನ್ನು ಬರೆದು, ಅದೇ ಕ್ಲಾಸಿನೊಳಗಿನ ಮೇನ್‌ನಲ್ಲಿ ‘ಪುಶ್’ ಎಂದು ನೇರವಾಗಿ ಕರೆಯುತ್ತಾನೆ. ಸ್ಟ್ಯಾಟಿಕ್ ಅಲ್ಲದ ಮೆಥಡನ್ನು ಸ್ಟ್ಯಾಟಿಕ್ ಸಂದರ್ಭದಿಂದ ಉಲ್ಲೇಖಿಸಲಾಗದು ಎಂದು ಕಂಪೈಲರ್ ಕೆಂಪು ಗೆರೆ ಎಳೆಯುತ್ತದೆ. ಒಂದೇ ಕ್ಲಾಸಿನೊಳಗೆ ಎರಡೂ ಇರುವಾಗ ಏನು ತಕರಾರು? ಪುಶ್ ಮಾಡಬೇಕಾದದ್ದು ಯಾವ ಸ್ಟ್ಯಾಕಿಗೆ ಎಂಬುದೇ ತಕರಾರು. ಮೇನ್ ಓಡುವಾಗ ಒಂದೂ ಸ್ಟ್ಯಾಕ್ ಇಲ್ಲ. ‘ನ್ಯೂ ಸ್ಟ್ಯಾಕ್’ ಎಂದು ಬರೆದು, ಸಿಕ್ಕ ಆಬ್ಜೆಕ್ಟಿಗೆ ಒಂದು ಹೆಸರು ಕೊಟ್ಟು, ಆ ಹೆಸರಿನ ಮೂಲಕ ಪುಶ್ ಕರೆದರೆ ಸಮಸ್ಯೆ ಮುಗಿಯಿತು. ಇದನ್ನು ಬಿಟ್ಟು ಪುಶ್, ಪಾಪ್, ಒಳಗಿನ ಅರೇ ಎಲ್ಲಕ್ಕೂ ಸ್ಟ್ಯಾಟಿಕ್ ಹಚ್ಚಿ ಕೆಂಪು ಗೆರೆ ಅಳಿಸುವುದೂ ಉಂಟು. ಪ್ರೋಗ್ರಾಮು ಓಡುತ್ತದೆ, ಆದರೆ ಅಲ್ಲಿ ಆಬ್ಜೆಕ್ಟೇ ಇರುವುದಿಲ್ಲ, ಎರಡನೇ ಸ್ಟ್ಯಾಕ್ ಬೇಕೆಂದರೆ ಮಾಡಲೂ ಆಗದು. ಆಬ್ಜೆಕ್ಟ್ ಓರಿಯೆಂಟೆಡ್ ಭಾಷೆಯಲ್ಲಿ ಬರೆದ ಸಿ ಪ್ರೋಗ್ರಾಮು ಅದು.

ಈಗ ಆವರಣದೊಳಗಿನ ‘ಸ್ಟ್ರಿಂಗ್’ ಅರೇ, ಅಂದರೆ ‘ಆರ್ಗ್ಸ್’. ಮೊದಲ ಪ್ರೋಗ್ರಾಮಿಗೆ ಬೇಕಾದ ಗಾತ್ರ ಬರುವುದು ಇದರ ಮೂಲಕ. ಕಮಾಂಡ್ ಪ್ರಾಂಪ್ಟಿನಲ್ಲಿ ‘ಜಾವಾ’ ಎಂಬ ಆಜ್ಞೆ, ಅದರ ಮುಂದೆ ಕ್ಲಾಸಿನ ಹೆಸರು, ಅದರ ಮುಂದೆ 3 ಎಂದು ಹೊಡೆದರೆ ಆ 3 ಆರ್ಗ್ಸ್‌ನ ಸೊನ್ನೆಯ ಜಾಗಕ್ಕೆ ಬಂದು ಕೂರುತ್ತದೆ. ಸಿ ಭಾಷೆಯಲ್ಲಿ ಆ ಜಾಗ ರೂಢಿಯಂತೆ ಪ್ರೋಗ್ರಾಮಿನ ಹೆಸರಿಗೆ ಮೀಸಲು. ಜಾವಾದಲ್ಲಿ ಕ್ಲಾಸಿನ ಹೆಸರು ಅರೇಯೊಳಗೆ ಬರುವುದಿಲ್ಲ. ಇನ್ನೊಂದು ಎಚ್ಚರ: ಬಂದದ್ದು ಅಂಕಿಯಲ್ಲ, ಅಕ್ಷರರೂಪದ 3. ಅದನ್ನು ‘ಪಾರ್ಸ್ ಇಂಟ್’ ಮೂಲಕ ಪೂರ್ಣಾಂಕ ಮಾಡಿಕೊಳ್ಳಬೇಕು. ಕುತೂಹಲಕ್ಕೆ ಹೇಳುವುದಾದರೆ, ಇಂಗ್ಲಿಷಿನ 3ರ ಬದಲು ಕನ್ನಡದ ೩ ಕೊಟ್ಟರೂ ಪಾರ್ಸ್ ಇಂಟ್ ಅದನ್ನು ಮೂರೆಂದೇ ಓದುತ್ತದೆ. ಯುನಿಕೋಡ್ ಅಂಕಿಗಳೆಂದು ಗುರುತಿಸಿದ ಹಲವು ಲಿಪಿಗಳ ದಶಮಾಂಶ ಅಂಕಿಗಳನ್ನೂ ಅದು ಬಲ್ಲದು. ಕಮಾಂಡ್ ಪ್ರಾಂಪ್ಟು ಕನ್ನಡವನ್ನು ಕೆಡಿಸದೆ ದಾಟಿಸಿದರೆ ಸರಿ. ‘ಮೂರು’ ಎಂದು ಬರೆದು ಕೊಟ್ಟರೆ ಮಾತ್ರ ನಂಬರ್ ಫಾರ್ಮ್ಯಾಟ್ ಎಕ್ಸೆಪ್ಶನ್ ಎಂಬ ದೋಷ.

ಏನೂ ಕೊಡದಿದ್ದರೆ? ಆರ್ಗ್ಸ್ ಆಗಲೂ ಇರುತ್ತದೆ, ಖಾಲಿಯಾಗಿ, ಉದ್ದ ಸೊನ್ನೆಯಾಗಿ. ಉದ್ದವನ್ನು ಪರೀಕ್ಷಿಸದೆ ಸೊನ್ನೆಯ ಜಾಗಕ್ಕೆ ಕೈಹಾಕಿದರೆ ‘ಇಂಡೆಕ್ಸ್ 0 ಔಟ್ ಆಫ್ ಬೌಂಡ್ಸ್ ಫಾರ್ ಲೆಂತ್ 0’ ಎಂಬ ಸಂದೇಶ. ಎಕ್ಲಿಪ್ಸ್ ತಂತ್ರಾಂಶ ಬಳಸುವ ಲ್ಯಾಬುಗಳಲ್ಲಿ ಈ ಸಂದೇಶ ಸಾಮಾನ್ಯ. ಹಸಿರು ಬಾಣ ಒತ್ತಿದರೆ ಎಕ್ಲಿಪ್ಸ್ ತಾನೇ ಹಿಂದಿನಿಂದ ಜಾವಾ ಆಜ್ಞೆಯನ್ನು ನಡೆಸುತ್ತದೆ. ಕಮಾಂಡ್ ಲೈನು ಕಣ್ಣಿಗೇ ಬೀಳುವುದಿಲ್ಲ. ರನ್ ಕಾನ್ಫಿಗರೇಶನ್ ತೆರೆದು, ಆರ್ಗ್ಯುಮೆಂಟ್ಸ್ ಎಂಬ ಪುಟದಲ್ಲಿ ಪ್ರೋಗ್ರಾಮ್ ಆರ್ಗ್ಯುಮೆಂಟ್ಸ್ ಪೆಟ್ಟಿಗೆಯಲ್ಲಿ 3 ಬರೆದಿಡಬೇಕು. ಮೊದಲ ಕೆಲವು ಲ್ಯಾಬುಗಳನ್ನಾದರೂ ನೋಟ್‌ಪ್ಯಾಡ್ ಮತ್ತು ಕಪ್ಪು ಪರದೆಯಲ್ಲೇ ಮಾಡಿಸುವುದು ಲೇಸು. ಯಾರು ಯಾರನ್ನು ಕರೆಯುತ್ತಿದ್ದಾರೆ ಎಂಬುದು ಅಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಹಸಿರು ಬಾಣದಲ್ಲಿ ಕಾಣದು.

ಆ ಕರೆಯುವವನ ಕೆಲಸವನ್ನು ಹೆಜ್ಜೆಹೆಜ್ಜೆಯಾಗಿ ನೋಡಬಹುದು. ಬರೆದ ಫೈಲನ್ನು ‘ಜಾವಾಸಿ’ ಕಂಪೈಲರ್ ಬೈಟ್‌ಕೋಡ್ ಆಗಿ ತಿರುಗಿಸಿ, ಕ್ಲಾಸಿಗೊಂದರಂತೆ ಕ್ಲಾಸ್ ಫೈಲುಗಳನ್ನು ಮಾಡುತ್ತದೆ. ಮೇನ್ ಇದೆಯೋ ಇಲ್ಲವೋ ಎಂದು ಕಂಪೈಲರ್ ನೋಡುವುದೇ ಇಲ್ಲ. ಸಿ++ನಲ್ಲಿ ಮೇನ್ ಇಲ್ಲದಿದ್ದರೆ ಲಿಂಕರ್ ಹಂತದಲ್ಲೇ ಕೆಲಸ ನಿಲ್ಲುತ್ತದೆ. ಜಾವಾದಲ್ಲಿ ಕೊರತೆ ಗೊತ್ತಾಗುವುದು ಓಡಿಸಲು ಹೊರಟಾಗ. ‘ಜಾವಾ’ ಆಜ್ಞೆ ಎಂದರೆ ಲಾಂಚರ್ ಎಂಬ ಪುಟ್ಟ ಪ್ರೋಗ್ರಾಮು. ಅದು ಜಾವಾ ವರ್ಚುವಲ್ ಮಷೀನನ್ನು, ಅಂದರೆ ಜೆವಿಎಂ ಅನ್ನು ಎಬ್ಬಿಸಿ, ಹೆಸರು ಹೇಳಿದ ಕ್ಲಾಸ್ ಫೈಲನ್ನು ಹುಡುಕಿಸುತ್ತದೆ. ಫೈಲಿನ ಮೊದಲ ನಾಲ್ಕು ಬೈಟುಗಳು ಎಲ್ಲ ಕ್ಲಾಸ್ ಫೈಲುಗಳಲ್ಲೂ ಒಂದೇ. ಹದಿನಾರರ ಮಾನದಲ್ಲಿ ಬರೆದು ಓದಿದರೆ ‘ಕೆಫೆ ಬೇಬ್’ ಎಂದಾಗುತ್ತದೆ, ಜಾವಾ ಮಾಡಿದವರ ಒಂದು ತಮಾಷೆ. ಅದರ ಬೆನ್ನಿಗೆ ಆವೃತ್ತಿಯ ಸಂಖ್ಯೆ: ಜಾವಾ 8ಕ್ಕೆ 52, ಜಾವಾ 17ಕ್ಕೆ 61, ಜಾವಾ 25ಕ್ಕೆ 69. ಮನೆಯ ಲ್ಯಾಪ್‌ಟಾಪಿನ ಹೊಸ ಜಾವಾದಲ್ಲಿ ಕಂಪೈಲ್ ಮಾಡಿದ ಕ್ಲಾಸ್ ಫೈಲನ್ನು ಪೆನ್‌ಡ್ರೈವಿನಲ್ಲಿ ತಂದು ಹಳೆಯ ಜಾವಾ ಇರುವ ಯಂತ್ರದಲ್ಲಿ ಓಡಿಸಹೊರಟರೆ ಈ ಸಂಖ್ಯೆಯಲ್ಲೇ ಸಿಕ್ಕಿಬೀಳುತ್ತದೆ. ಮೇನ್‌ನ ಸರದಿ ಬರುವುದೇ ಇಲ್ಲ.

ಕ್ಲಾಸು ಸಿಕ್ಕಿದ ಮೇಲೆ ಲಾಂಚರ್ ಅದರಲ್ಲಿ ಮೇನ್ ಹುಡುಕುತ್ತದೆ. ಹೆಸರಷ್ಟೇ ಅಲ್ಲ, ಅದು ತೆಗೆದುಕೊಳ್ಳುವುದೇನು, ಮರಳಿಸುವುದೇನು ಎಂಬುದೂ ಹೊಂದಬೇಕು. ಪೂರ್ಣಾಂಕ ತೆಗೆದುಕೊಳ್ಳುವ ಇನ್ನೊಂದು ಮೇನ್ ಪಕ್ಕದಲ್ಲಿದ್ದರೆ ತೊಂದರೆಯಿಲ್ಲ, ಲಾಂಚರ್ ಅದರ ಕಡೆ ತಿರುಗಿಯೂ ನೋಡದು. ತನ್ನಲ್ಲಿ ಇಲ್ಲದಿದ್ದರೂ ತಾಯಿ ಕ್ಲಾಸಿನಲ್ಲಿದ್ದರೆ ಸಾಕು. ಸಿಕ್ಕಿತೆಂದರೆ ಕ್ಲಾಸಿನ ಸ್ಟ್ಯಾಟಿಕ್ ವೇರಿಯಬಲ್‌ಗಳಿಗೆ ಬೆಲೆ ತುಂಬಿ, ಸ್ಟ್ಯಾಟಿಕ್ ಬ್ಲಾಕುಗಳನ್ನು ನಡೆಸಿ, ಅನಂತರ ಮೇನ್‌ಗೆ ಕರೆ. ಅಂದರೆ ಕಟ್ಟುನಿಟ್ಟಾಗಿ ಹೇಳಿದರೆ ಬರೆದವರ ಕೋಡಿನಲ್ಲಿ ಮೊದಲು ಓಡುವುದು ಮೇನ್ ಅಲ್ಲ, ಸ್ಟ್ಯಾಟಿಕ್ ಬ್ಲಾಕು. ಇದನ್ನೇ ಹಿಡಿದು ‘ಮೇನ್ ಇಲ್ಲದೆ ಜಾವಾ ಪ್ರೋಗ್ರಾಮ್ ಓಡಿಸಬಹುದೇ’ ಎಂಬ ಚಮತ್ಕಾರದ ಪ್ರಶ್ನೆ ಹುಟ್ಟಿಕೊಂಡಿತ್ತು: ಸ್ಟ್ಯಾಟಿಕ್ ಬ್ಲಾಕಿನಲ್ಲೇ ಎಲ್ಲವನ್ನೂ ಮುಗಿಸಿ ಎಕ್ಸಿಟ್ ಕೊಟ್ಟರೆ ಜಾವಾ 6ರವರೆಗೆ ನಡೆಯುತ್ತಿತ್ತು. ಜಾವಾ 7ರಿಂದ ಲಾಂಚರ್ ಮೊದಲು ಮೇನ್ ಇದೆಯೇ ಎಂದು ಖಚಿತಪಡಿಸಿಕೊಂಡೇ ಮುಂದುವರಿಯುತ್ತದೆ. ವೈವಾದಲ್ಲಿ ಹಳೆಯ ಪ್ರಶ್ನೆಸಂಚಿಕೆಗಳ ಉತ್ತರವನ್ನು ಈಗಲೂ ಒಪ್ಪಿಸಿದರೆ ತಪ್ಪಾಗುತ್ತದೆ.

ಒಂದು ಪ್ರೋಗ್ರಾಮಿಗೆ ಒಂದೇ ಮೇನ್ ಎಂಬುದೂ ತಪ್ಪು ನಂಬಿಕೆ. ಕ್ಲಾಸಿಗೊಂದು ಮೇನ್ ಇಡಬಹುದು. ಓಡುವುದು ಆಜ್ಞೆಯಲ್ಲಿ ಹೆಸರು ಬಂದ ಕ್ಲಾಸಿನದು ಮಾತ್ರ. ವಿಟಿಯು ಲ್ಯಾಬಿನ ನಾಲ್ಕನೇ ಪ್ರೋಗ್ರಾಮಿನಲ್ಲಿ ಬಿಂದುವೊಂದರ ಎಕ್ಸ್, ವೈ ನಿರ್ದೇಶಾಂಕಗಳನ್ನು ಹಿಡಿದಿಡುವ ‘ಮೈಪಾಯಿಂಟ್’ ಕ್ಲಾಸು ಒಂದು, ಅದನ್ನು ಪರೀಕ್ಷಿಸುವ ‘ಟೆಸ್ಟ್ ಮೈಪಾಯಿಂಟ್’ ಇನ್ನೊಂದು. ಮೇನ್ ಇರುವುದು ಎರಡನೆಯದರಲ್ಲಿ. ಮೈಪಾಯಿಂಟ್ ಎಂಬ ಹೆಸರಿನಲ್ಲಿ ಓಡಿಸಿದರೆ ‘ಮೇನ್ ಮೆಥಡ್ ನಾಟ್ ಫೌಂಡ್’ ಎಂದು ಬರುತ್ತದೆ. ಈ ವಿಂಗಡಣೆ ಕಚೇರಿ ಕೆಲಸದಲ್ಲೂ ಹೀಗೆಯೇ: ವಿಷಯ ಬಲ್ಲ ಕ್ಲಾಸುಗಳು ಒಂದು ಕಡೆ, ಅವನ್ನು ಜೋಡಿಸಿ ಚಾಲೂ ಮಾಡುವ ಪುಟ್ಟ ಮೇನ್ ಇನ್ನೊಂದು ಕಡೆ. ಎಲ್ಲವನ್ನೂ ಕಟ್ಟಿ ಜಾರ್ ಫೈಲ್ ಮಾಡಿದಾಗ ಯಾವ ಕ್ಲಾಸಿನ ಮೇನ್ ಓಡಬೇಕೆಂದು ಮ್ಯಾನಿಫೆಸ್ಟ್ ಎಂಬ ಪಠ್ಯಫೈಲಿನಲ್ಲಿ ಒಂದು ಸಾಲು ಬರೆದಿರಬೇಕು.

ಬೇರೆ ಭಾಷೆಗಳು ಇದೇ ಗಂಟನ್ನು ತಮ್ಮ ತಮ್ಮ ರೀತಿಯಲ್ಲಿ ಬಿಡಿಸಿಕೊಂಡಿವೆ. ಸಿ ಶಾರ್ಪ್ ಜಾವಾದ ದಾರಿಯನ್ನೇ ಹಿಡಿಯಿತು, ಮೊದಲಕ್ಷರವನ್ನು ದೊಡ್ಡದು ಮಾಡಿತು. 2020ರ ಒಂಬತ್ತನೇ ಆವೃತ್ತಿಯಿಂದ ಕ್ಲಾಸೂ ಮೇನೂ ಇಲ್ಲದೆ ಬರೆಯಲು ಬಿಟ್ಟು, ಅವೆರಡನ್ನೂ ಕಂಪೈಲರಿನಿಂದಲೇ ಹುಟ್ಟಿಸಿತು. ಕಾಟ್ಲಿನ್ ಮೇನ್ ಅನ್ನು ಕ್ಲಾಸಿನ ಹೊರಗಿಟ್ಟಿತು. ಪೈಥಾನ್‌ನಲ್ಲಿ ಫೈಲಿನ ಮೊದಲ ಸಾಲೇ ಆರಂಭ. ಆಂಡ್ರಾಯ್ಡ್ ಆ್ಯಪ್ ಬರೆಯುವವರಿಗಂತೂ ಮೇನ್ ಕಾಣಿಸುವುದೇ ಇಲ್ಲ. ಅವರು ಬರೆಯುವುದು ‘ಆನ್ ಕ್ರಿಯೇಟ್’ನಂಥ ಮೆಥಡ್‌ಗಳನ್ನು. ಹಾಗೆಂದು ಅಲ್ಲಿ ಮೇನ್ ಇಲ್ಲವೆಂದಲ್ಲ. ಆಂಡ್ರಾಯ್ಡಿನ ಒಳಗೇ ಇರುವ ‘ಆಕ್ಟಿವಿಟಿ ಥ್ರೆಡ್’ ಎಂಬ ಕ್ಲಾಸಿನಲ್ಲಿ ಅಪ್ಪಟ ಸ್ಟ್ಯಾಟಿಕ್ ಮೇನ್ ಕುಳಿತಿದೆ, ಆ್ಯಪನ್ನು ಎಬ್ಬಿಸುವುದು ಅದೇ.

ಜಾವಾ ತನ್ನ ಉದ್ದ ಸಾಲನ್ನು ಮೂವತ್ತು ವರ್ಷ ಉಳಿಸಿಕೊಂಡು, ಕೊನೆಗೂ ಸಡಿಲಿಸಿದೆ. 2023ರ ಜಾವಾ 21ರಲ್ಲಿ ಪ್ರಾಯೋಗಿಕವಾಗಿ ಬಂದ ಬದಲಾವಣೆ 2025ರ ಸೆಪ್ಟೆಂಬರಿನಲ್ಲಿ ಜಾವಾ 25ರೊಂದಿಗೆ ಶಾಶ್ವತವಾಯಿತು. ಈಗ ಕ್ಲಾಸ್ ಎಂಬ ಹೊದಿಕೆಯೂ ಬೇಡ, ಪಬ್ಲಿಕ್ ಬೇಡ, ಸ್ಟ್ಯಾಟಿಕ್ ಬೇಡ, ಆರ್ಗ್ಸ್ ಕೂಡ ಬೇಡ. ‘ವಾಯ್ಡ್ ಮೇನ್’ ಎಂದು ಬರೆದು ಖಾಲಿ ಆವರಣ ಹಾಕಿದರೆ ಸಾಕು; ಪಿಯುಸಿಯ ನೀಲಿ ಪರದೆಯ ಸಾಲೇ, ಈ ಬಾರಿ ಅಧಿಕೃತವಾಗಿ. ಲಾಂಚರ್ ಮೊದಲು ಸ್ಟ್ರಿಂಗ್ ಅರೇ ಇರುವ ಮೇನ್ ಹುಡುಕುತ್ತದೆ, ಇಲ್ಲದಿದ್ದರೆ ಖಾಲಿ ಆವರಣದ್ದನ್ನು. ಸಿಕ್ಕಿದ್ದು ಸ್ಟ್ಯಾಟಿಕ್ ಆಗಿದ್ದರೆ ನೇರವಾಗಿ ಕರೆಯುತ್ತದೆ. ಇಲ್ಲವಾದರೆ ಆ ಕ್ಲಾಸಿನ ಆಬ್ಜೆಕ್ಟ್ ಒಂದನ್ನು ತಾನೇ ಮಾಡಿ, ಅದರ ಮೇನ್ ಕರೆಯುತ್ತದೆ. ಅದಕ್ಕೆ ಆರ್ಗ್ಯುಮೆಂಟ್ ಬೇಡದ, ಪ್ರೈವೇಟ್ ಅಲ್ಲದ ಕನ್‌ಸ್ಟ್ರಕ್ಟರ್ ಇರಬೇಕು. ಕ್ಲಾಸು ಅಬ್‌ಸ್ಟ್ರಾಕ್ಟ್ ಆಗಿರಬಾರದು. ಮೊದಲ ಆಬ್ಜೆಕ್ಟ್ ಯಾರು ಮಾಡಬೇಕು ಎಂಬ ಹಳೆಯ ಪ್ರಶ್ನೆಗೆ ‘ಲಾಂಚರೇ ಮಾಡಲಿ’ ಎಂಬ ಉತ್ತರ 1995ರಲ್ಲೂ ಸಾಧ್ಯವಿತ್ತು. ಹೊಸಬರಿಗೆ ಈ ಸಡಿಲಿಕೆ ದೊಡ್ಡ ಉಪಕಾರ. ಆದರೆ ಲ್ಯಾಬಿನ ಪ್ರೋಗ್ರಾಮುಗಳಿಗೆ ಉದ್ದ ಸಾಲು ಇನ್ನೂ ಬೇಕಾಗುತ್ತದೆ: ಪಠ್ಯಕ್ಕೆ ಗೊತ್ತುಮಾಡಿದ ಹರ್ಬರ್ಟ್ ಶಿಲ್ಟ್ ಅವರ ಪುಸ್ತಕದ ಹನ್ನೆರಡನೇ ಆವೃತ್ತಿ 2021ರದ್ದು, ಜಾವಾ 17ರವರೆಗಿನದು. ಹಳೆಯ ಸಾಲು ಹೊಸ ಜಾವಾದಲ್ಲೂ ಓಡುತ್ತದೆ. ಹೊಸ ಸಾಲು ಹಳೆಯದರಲ್ಲಿ ಓಡುವುದಿಲ್ಲ.

ಮೇನ್ ಮುಗಿದರೆ ಪ್ರೋಗ್ರಾಮು ಮುಗಿಯಿತೇ? ಲ್ಯಾಬಿನ ಕೊನೆಯ ಎರಡು ಪ್ರೋಗ್ರಾಮುಗಳಲ್ಲಿ ಇದಕ್ಕೆ ಉತ್ತರವಿದೆ. ಅವು ಥ್ರೆಡ್‌ಗಳ, ಅಂದರೆ ಒಂದೇ ಪ್ರೋಗ್ರಾಮಿನೊಳಗೆ ಒಟ್ಟಿಗೆ ಓಡುವ ಎಳೆಗಳ ಕುರಿತಾದವು: ಹೊಸ ಥ್ರೆಡ್‌ಗಳನ್ನು ಹುಟ್ಟಿಸಿ, ಒಂದರಲ್ಲಿ 500 ಮಿಲಿಸೆಕೆಂಡು ಮಲಗಿಸಿ, ಇನ್ನೊಂದರಲ್ಲಿ ಮೇನ್ ಥ್ರೆಡ್ಡೂ ಮಗು ಥ್ರೆಡ್ಡೂ ಒಟ್ಟೊಟ್ಟಿಗೆ ಓಡುವುದನ್ನು ತೋರಿಸಬೇಕು. ಜೆವಿಎಂ ಮೇನ್ ಮೆಥಡನ್ನು ಓಡಿಸುವುದು ‘ಮೇನ್’ ಎಂಬ ಹೆಸರಿನದೇ ಥ್ರೆಡ್ಡಿನಲ್ಲಿ. ಎಕ್ಸೆಪ್ಶನ್ ಬಂದಾಗ ಪರದೆಯಲ್ಲಿ ‘ಎಕ್ಸೆಪ್ಶನ್ ಇನ್ ಥ್ರೆಡ್ ಮೇನ್’ ಎಂದು ಕಾಣುವ ಹೆಸರು ಮೆಥಡ್ಡಿನದಲ್ಲ, ಈ ಥ್ರೆಡ್ಡಿನದು. ಮೆಥಡ್ಡು ಕೊನೆಯ ಸಾಲು ದಾಟಿದ ಮೇಲೂ ಡೀಮನ್ ಅಲ್ಲದ, ಅಂದರೆ ಬರೀ ಹಿನ್ನೆಲೆಯ ಸೇವೆಗಲ್ಲದ, ಒಂದು ಥ್ರೆಡ್ಡು ಓಡುತ್ತಿದ್ದರೆ ಜೆವಿಎಂ ಕಾಯುತ್ತದೆ. ಜಾವಾದ ಸ್ವಿಂಗ್ ಎಂಬ ಸಲಕರಣೆಯಲ್ಲಿ ಕಿಟಕಿ ತೆರೆಯುವ ಪ್ರೋಗ್ರಾಮಿನ ಮೇನ್ ಕಣ್ಣು ಮಿಟುಕಿಸುವುದರೊಳಗೆ ಮುಗಿದಿರುತ್ತದೆ, ಕಿಟಕಿ ಸಂಜೆಯವರೆಗೂ ಇರಬಹುದು. ಮೇನ್ ಎಕ್ಸೆಪ್ಶನ್ನಿನಿಂದ ಸತ್ತರೂ ಇದೇ ನಿಯಮ. ಉಳಿದ ಥ್ರೆಡ್‌ಗಳು ತಮ್ಮ ಪಾಡಿಗೆ ಮುಗಿಸುತ್ತವೆ. ಎಲ್ಲ ನಿಂತ ಮೇಲೆ ಲಾಂಚರ್ ಆಪರೇಟಿಂಗ್ ಸಿಸ್ಟಮ್ಮಿಗೆ ಒಂದು ಅಂಕಿ ಒಪ್ಪಿಸುತ್ತದೆ: ಮೇನ್ ಸರಿಯಾಗಿ ಮುಗಿದಿದ್ದರೆ 0, ಎಕ್ಸೆಪ್ಶನ್ನಿನಿಂದ ಮುಗಿದಿದ್ದರೆ 1.